ಕಡಿಮೆ ಅಲುಗಿದಾಗ ನಿಜವೆನಿಸಿದ ಕಾರು: ಒಂದು ಮೋಷನ್ ಸಿಮ್ಯುಲೇಟರ್ ಕೇಂದ್ರದ ವಿಮರ್ಶೆ

ಬೆಂಗಳೂರಿನ ದಕ್ಷಿಣದ ಬಡಾವಣೆಯೊಂದರಲ್ಲಿ, ಕೆಳಗೆ ಟೈಲ್ಸ್ ಅಂಗಡಿಯೂ ಮೇಲೆ ಟ್ಯೂಷನ್ ಕ್ಲಾಸೂ ಇರುವ ಕಟ್ಟಡದ ನಡುವಿನ ಮಹಡಿಯಲ್ಲಿ, ಕೂತಲ್ಲೇ ಕಾರು ಓಡಿಸಿದ ಅನುಭವ ಕೊಡುವ ಮೂರು ಡ್ರೈವಿಂಗ್ ಸಿಮ್ಯುಲೇಟರ್‌ಗಳನ್ನಿಟ್ಟುಕೊಂಡು ನಡೆಯುತ್ತಿರುವ ಕೇಂದ್ರವೊಂದಿದೆ. ಅಲ್ಲಿಗೆ ಕಳೆದ ನಾಲ್ಕು ತಿಂಗಳಲ್ಲಿ ಮೂರು ಸಲ ಹೋಗಿಬಂದೆ. ಅರ್ಧ ಗಂಟೆಗೆ 900 ರೂಪಾಯಿ. ವಾರದ ದಿನಗಳಲ್ಲಿ ಬೆಳಗಿನ ಹೊತ್ತು ಇನ್ನೂರು ಕಡಿಮೆ. ಕೇಂದ್ರದ ಹೆಸರನ್ನು ಬೇಕೆಂದೇ ಇಲ್ಲಿ ಬರೆದಿಲ್ಲ. ಮೊದಲ ಭೇಟಿಯಲ್ಲಿ ನಾನು ಕಂಡ ದೋಷಗಳಲ್ಲಿ ಬಹುಪಾಲು ಮೂರನೆಯ ಭೇಟಿಯ ಹೊತ್ತಿಗೆ ಉಳಿದಿರಲಿಲ್ಲ, ಆದರೆ ಯಂತ್ರದಲ್ಲಿ ಒಂದು ಬೋಲ್ಟ್ ಕೂಡ ಬದಲಾಗಿರಲಿಲ್ಲ. ಬದಲಾದದ್ದು ಕಂಪ್ಯೂಟರಿನಲ್ಲಿದ್ದ ಕೆಲವು ಅಂಕಿಗಳು ಮಾತ್ರ. ಆ ಅಂಕಿಗಳು ಕೂತವನ ಮೈಯಲ್ಲಿ ಉಂಟುಮಾಡಿದ ವ್ಯತ್ಯಾಸವನ್ನು ಬರೆಯಬೇಕೆನಿಸಿತು. ಇಂಥ ಕೇಂದ್ರಗಳು ಇಟ್ಟುಕೊಳ್ಳುವ ಯಂತ್ರಗಳು ಹೆಚ್ಚುಕಡಿಮೆ ಒಂದೇ ಬಗೆಯವಾದ್ದರಿಂದ, ಬೇರೆಡೆ ದುಡ್ಡು ಕೊಟ್ಟು ಕೂರುವವರಿಗೂ ಇದು ಉಪಯೋಗಕ್ಕೆ ಬಂದೀತು.

ಮೊದಲು ಯಂತ್ರದ ಪರಿಚಯ. ಅಲ್ಯೂಮಿನಿಯಂ ಪ್ರೊಫೈಲ್‌ಗಳನ್ನು ಜೋಡಿಸಿ ಕಟ್ಟಿದ ಗಟ್ಟಿ ಚೌಕಟ್ಟು, ಅದರ ಮೇಲೆ ರೇಸ್ ಕಾರಿನ ಸೀಟು, ಮೋಟಾರಿಗೆ ನೇರವಾಗಿ ಕೂರಿಸಿದ ಸ್ಟೀರಿಂಗ್, ಒತ್ತಿದ ದೂರದ ಬದಲು ಒತ್ತಿದ ಬಲವನ್ನು ಅಳೆಯುವ ಬ್ರೇಕ್ ಪೆಡಲ್, ಎದುರಿಗೆ ಮೂರು ಪರದೆ. ಚೌಕಟ್ಟಿನ ನಾಲ್ಕು ಮೂಲೆಗೆ, ಮೋಟಾರಿನಿಂದ ಎದ್ದಿಳಿಯುವ ಕಾಲುಗಳಂಥ ನಾಲ್ಕು ವಿದ್ಯುತ್ ಆಕ್ಚುಯೇಟರ್‌ಗಳು. ಪ್ರತಿಯೊಂದೂ 100 ಮಿಲಿಮೀಟರ್‌ನಷ್ಟು ಮೇಲೆ ಕೆಳಗೆ ಚಲಿಸಬಲ್ಲದು. ನಾಲ್ಕೂ ಒಟ್ಟಿಗೆ ಎದ್ದರೆ ಕಾರು ಎದ್ದಂತೆ, ಮುಂದಿನೆರಡು ಇಳಿದರೆ ಮೂತಿ ಬಾಗಿದಂತೆ, ಎಡದೆರಡು ಇಳಿದರೆ ಎಡಕ್ಕೆ ವಾಲಿದಂತೆ. ಇದು ಒಂದನೆಯ ಯಂತ್ರ, ಅಂದರೆ ಒಂದನೆಯ ರಿಗ್. ಎರಡನೆಯದರಲ್ಲಿ ಇವೆಲ್ಲದರ ಜೊತೆಗೆ ಚೌಕಟ್ಟಿನ ಹಿಂಭಾಗವನ್ನು ಎಡಬಲಕ್ಕೆ ಜಾರಿಸುವ ಇನ್ನೊಂದು ಮೋಟಾರ್ ಇದೆ. ಮೂರನೆಯದರಲ್ಲಿ ಸೀಟು ಮಾತ್ರ ಅಲುಗುತ್ತದೆ, ಪೆಡಲ್ ಮತ್ತು ಸ್ಟೀರಿಂಗ್ ನೆಲಕ್ಕೆ ಅಂಟಿಕೊಂಡಂತೆ ಇರುತ್ತವೆ. ಮೂರನೆಯದರ ಬಗ್ಗೆ ಇಲ್ಲೇ ಹೇಳಿ ಮುಗಿಸಿಬಿಡುತ್ತೇನೆ: ಬ್ರೇಕ್ ಒತ್ತಿದಾಗ ಸೀಟು ಮುಂದಕ್ಕೆ ಬಾಗಿ, ನಿಮ್ಮ ಕಾಲು ಪೆಡಲಿಗೆ ಇನ್ನಷ್ಟು ಹತ್ತಿರವಾಗಿ, ನೀವು ಅಂದುಕೊಂಡಿದ್ದಕ್ಕಿಂತ ಹೆಚ್ಚು ಬ್ರೇಕ್ ಬೀಳುತ್ತದೆ. ಮಕ್ಕಳಿಗೆ ಖುಷಿಯಾಗುತ್ತದೆ, ಚಾಲನೆ ಗೊತ್ತಿರುವವರು ಅದರ ಗೋಜಿಗೆ ಹೋಗಬೇಕಿಲ್ಲ.

ಮೊದಲ ಭೇಟಿಯಲ್ಲಿ ಒಂದನೆಯ ರಿಗ್‌ನಲ್ಲಿ ಕೂತೆ. ಅಸೆಟ್ಟೊ ಕೋರ್ಸಾ ಗೇಮಿನಲ್ಲಿ ಸಾಧಾರಣ ಹ್ಯಾಚ್‌ಬ್ಯಾಕ್ ಕಾರೊಂದನ್ನು ಆರಿಸಿಕೊಂಡು ಹೊರಟರೆ, ಗೇರು ಬದಲಿಸಿದಾಗಲೆಲ್ಲ ಮೈ ಹಿಂದಕ್ಕೆ ಮುಂದಕ್ಕೆ ತುಯ್ದಾಡಿತು. ಬ್ರೇಕ್ ಮುಟ್ಟಿದೊಡನೆ ಇಡೀ ಚೌಕಟ್ಟು ಮುಗ್ಗರಿಸಿದಂತೆ ಬಾಗಿತು. ತಿರುವಿನಲ್ಲಿ ದೋಣಿಯಂತೆ ವಾಲಿತು. ನನ್ನ ಹಿಂದೆ ಸರದಿಯಲ್ಲಿದ್ದ ಹುಡುಗರು ಮೊಬೈಲ್ ಹಿಡಿದು ವಿಡಿಯೊ ಮಾಡುತ್ತಿದ್ದರು, ವಿಡಿಯೊಗೆ ಇದು ಚೆನ್ನಾಗಿಯೇ ಕಂಡಿರಬೇಕು. ಹೊರಗೆ ನಿಂತು ನೋಡುವವರಿಗೆ ಯಂತ್ರ ಹೆಚ್ಚು ಕುಣಿದಷ್ಟೂ ಹೆಚ್ಚು ನಿಜವೆನಿಸುತ್ತದೆ. ಒಳಗೆ ಕೂತ ನನಗೆ ಇಪ್ಪತ್ತನೆಯ ನಿಮಿಷದಲ್ಲಿ ಹಣೆಯ ಮೇಲೆ ತಣ್ಣನೆಯ ಬೆವರು ಬಂತು, ಉಳಿದ ಹತ್ತು ನಿಮಿಷವನ್ನು ಬಿಟ್ಟು ಇಳಿದೆ. ಸಂಜೆಯವರೆಗೂ ತಲೆ ಭಾರವಾಗಿತ್ತು.

ಯಾಕೆ ಹೀಗಾಯಿತು ಎಂಬುದಕ್ಕೆ ಒಳಕಿವಿಯ ಕಡೆ ನೋಡಬೇಕು. ಚಲನೆಯನ್ನು ಅರಿಯಲು ನಮ್ಮ ಒಳಕಿವಿಯಲ್ಲಿ ಎರಡು ಬಗೆಯ ಏರ್ಪಾಡುಗಳಿವೆ. ದ್ರವ ತುಂಬಿದ ಮೂರು ಅರ್ಧವೃತ್ತಾಕಾರದ ನಾಳಗಳು ತಲೆ ತಿರುಗುವುದನ್ನು, ಬಾಗುವುದನ್ನು ಗುರುತಿಸುತ್ತವೆ. ಸುಣ್ಣದ ಸಣ್ಣ ಹರಳುಗಳನ್ನು ಹೊತ್ತ ಇನ್ನೆರಡು ಪುಟ್ಟ ಅಂಗಗಳು ನೇರ ದಿಕ್ಕಿನ ವೇಗೋತ್ಕರ್ಷವನ್ನೂ ಗುರುತ್ವವನ್ನೂ ಗುರುತಿಸುತ್ತವೆ. ಈ ಹರಳುಗಳಿಗೆ ಒಂದು ದೌರ್ಬಲ್ಯವಿದೆ: ಕಾರು ಬ್ರೇಕ್ ಹಾಕಿದ್ದರಿಂದ ಮುಂದಕ್ಕೆ ಜಾರಿದೆವೋ, ಇಳಿಜಾರಿನಲ್ಲಿ ಕೂತದ್ದರಿಂದ ಮುಂದಕ್ಕೆ ಜಾರಿದೆವೋ ಎಂಬ ಭೇದ ಅವಕ್ಕೆ ತಿಳಿಯದು. ಸಿಮ್ಯುಲೇಟರ್ ತಯಾರಿಸುವವರ ಬಂಡವಾಳವೇ ಈ ದೌರ್ಬಲ್ಯ. ಬ್ರೇಕ್ ಹಾಕಿದಾಗ ಸೀಟನ್ನು ಮುಂದಕ್ಕೆ ಬಾಗಿಸಿದರೆ ಗುರುತ್ವವು ನಿಮ್ಮನ್ನು ಬೆಲ್ಟಿನತ್ತ ಎಳೆಯುತ್ತದೆ, ಪರದೆಯ ಮೇಲೆ ಕ್ಷಿತಿಜ ಮಟ್ಟವಾಗಿಯೇ ಇರುತ್ತದೆ, ಮಿದುಳು ಅದನ್ನು ಬ್ರೇಕ್ ಎಂದೇ ನಂಬುತ್ತದೆ. ಕಣ್ಣು ಮಿದುಳನ್ನು ಎಷ್ಟು ಸುಲಭವಾಗಿ ಒಪ್ಪಿಸಬಲ್ಲದು ಎಂಬುದಕ್ಕೆ ದೊಡ್ಡ ಉದಾಹರಣೆ ಬೇಕಿಲ್ಲ; ಯಶವಂತಪುರದ ನಿಲ್ದಾಣದಲ್ಲಿ ಪಕ್ಕದ ಹಳಿಯ ರೈಲು ಹೊರಟಾಗ ನಮ್ಮದೇ ಹೊರಟಿತೆಂದು ಎಷ್ಟು ಸಲ ಮೋಸಹೋಗಿಲ್ಲ?

ಆದರೆ ಈ ಮೋಸಕ್ಕೊಂದು ನಿಯಮವಿದೆ. ಬಾಗಿಸುವುದನ್ನು ನಾಳಗಳಿಗೆ ಗೊತ್ತಾಗದಷ್ಟು ನಿಧಾನವಾಗಿ ಮಾಡಬೇಕು. ಸೆಕೆಂಡಿಗೆ ಸುಮಾರು 3 ಡಿಗ್ರಿಯನ್ನು ಮಿತಿಯೆಂದು ಸಿಮ್ಯುಲೇಟರ್ ಎಂಜಿನಿಯರುಗಳು ರೂಢಿಯಾಗಿ ಇಟ್ಟುಕೊಳ್ಳುತ್ತಾರೆ. ಅದಕ್ಕಿಂತ ವೇಗವಾಗಿ ಬಾಗಿಸಿದರೆ ಹರಳುಗಳು ‘ಬ್ರೇಕ್’ ಎಂದರೂ ನಾಳಗಳು ‘ಬೀಳುತ್ತಿದ್ದೇವೆ’ ಎನ್ನುತ್ತವೆ. ಈಗ ಲೆಕ್ಕ ಹಾಕಿ ನೋಡಿ. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿರುವ ಕಾರು ಗುರುತ್ವದ 0.8ರಷ್ಟು ಬಲದ ಬ್ರೇಕಿನಲ್ಲಿ ನಿಲ್ಲಲು ಸುಮಾರು 3.5 ಸೆಕೆಂಡ್ ಮತ್ತು 49 ಮೀಟರ್ ಬೇಕು. ನಾನು ಕೂತಿದ್ದ ರಿಗ್‌ನ ಮುಂದಿನ ಮತ್ತು ಹಿಂದಿನ ಆಕ್ಚುಯೇಟರ್‌ಗಳ ನಡುವೆ ಅಂದಾಜು 1.1 ಮೀಟರ್ ಅಂತರವಿತ್ತು. ಮುಂದಿನವು ಪೂರ್ತಿ ಇಳಿದು ಹಿಂದಿನವು ಪೂರ್ತಿ ಎದ್ದರೂ ಸಿಗುವುದು 5 ಡಿಗ್ರಿಯಷ್ಟು ಬಾಗು. ಆ ಬಾಗಿನಿಂದ ಸಿಗುವ ಎಳೆತ ಗುರುತ್ವದ ಹನ್ನೊಂದನೆಯ ಒಂದು ಪಾಲು, ಅಂದರೆ ನಿಜವಾದ ಬ್ರೇಕಿನ ಎಂಟನೆಯ ಒಂದು ಪಾಲೂ ಆಗುವುದಿಲ್ಲ. ಅದನ್ನಾದರೂ ಗುಟ್ಟಾಗಿ ಕೊಡಬೇಕೆಂದರೆ ಒಂದೂವರೆ ಸೆಕೆಂಡಿಗಿಂತ ಹೆಚ್ಚು ಸಮಯ ಬೇಕು. ಕೇಂದ್ರದವರು ಮೊದಲ ಭೇಟಿಯಲ್ಲಿ ಈ 5 ಡಿಗ್ರಿಯನ್ನು ಕಣ್ಣುಮಿಟುಕಿಸುವಷ್ಟರಲ್ಲಿ ಕೊಟ್ಟಿದ್ದರು. ನನ್ನ ಒಳಕಿವಿಯ ಪಾಲಿಗೆ ಅದು ಬ್ರೇಕ್ ಆಗಿರಲಿಲ್ಲ, ಕುರ್ಚಿಯಿಂದ ತಳ್ಳಿದಂತಾಗಿತ್ತು.

ದುಡ್ಡು ಸುರಿದರೆ ಈ ಕೊರತೆ ನೀಗುವುದಿಲ್ಲವೇ ಎಂದರೆ, ಒಂದಿಷ್ಟು ಮಾತ್ರ ನೀಗುತ್ತದೆ. ಜಪಾನಿನ ಸುಸೊನೊದಲ್ಲಿ ಟೊಯೋಟಾ 2007ರಲ್ಲಿ ತೋರಿಸಿದ ಸಿಮ್ಯುಲೇಟರ್‌ನಲ್ಲಿ 7.1 ಮೀಟರ್ ವ್ಯಾಸದ ಗುಮ್ಮಟದೊಳಗೆ ನಿಜವಾದ ಕಾರನ್ನೇ ನಿಲ್ಲಿಸಿ, ಆ ಗುಮ್ಮಟವನ್ನು 35 ಮೀಟರ್ ಉದ್ದ, 20 ಮೀಟರ್ ಅಗಲದ ಜಾಗದಲ್ಲಿ ಓಡಿಸುತ್ತಾರೆ. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ರಾಷ್ಟ್ರೀಯ ಸಿಮ್ಯುಲೇಟರ್‌ಗೆ 64 ಅಡಿ ಉದ್ದ, 64 ಅಡಿ ಅಗಲದ ಅಂಗಳವಿದೆ. ಮದುವೆ ಛತ್ರದಷ್ಟು ಜಾಗ ಕೊಟ್ಟರೂ ನಮ್ಮ 49 ಮೀಟರಿಗೆ ಎರಡೂ ಸಾಲವು. ಹಾಗಾಗಿ ಅಲ್ಲಿಯೂ ಜಾಣತನವನ್ನೇ ನೆಚ್ಚಿಕೊಳ್ಳಬೇಕು: ಬ್ರೇಕಿನ ಮೊದಲ ಎಳೆತವನ್ನು ನಿಜವಾಗಿ ಜಾರಿಸಿ ಕೊಡುವುದು, ಆ ಜಾರುವಿಕೆಯನ್ನು ಮೆಲ್ಲಗೆ ತಗ್ಗಿಸುತ್ತಲೇ ಅಷ್ಟರಲ್ಲಿ ಬಾಗನ್ನು ಮೆಲ್ಲಗೆ ಏರಿಸುವುದು, ಆಮೇಲೆ ಯಾರಿಗೂ ತಿಳಿಯದಂತೆ ಯಂತ್ರವನ್ನು ನಡುವಿಗೆ ತಂದು ನಿಲ್ಲಿಸುವುದು. ಈ ಕೊನೆಯ ಕೆಲಸಕ್ಕೆ ವಾಷ್‌ಔಟ್ ಎಂದು ಹೆಸರು. ವಿಮಾನದ ಸಿಮ್ಯುಲೇಟರ್‌ಗಳಿಗಾಗಿ ಹುಟ್ಟಿದ ವಿದ್ಯೆ ಇದು. ಪ್ರಾಸಂಗಿಕವಾಗಿ ಹೇಳುವುದಾದರೆ, ವಿಮಾನದ ಸಿಮ್ಯುಲೇಟರ್‌ಗಳ ಕೆಳಗೆ ಕಾಣುವ ಆರು ಕಾಲುಗಳ ಯಂತ್ರವನ್ನು 1950ರ ದಶಕದಲ್ಲಿ ಮೊದಲು ಕಟ್ಟಿದ ಎರಿಕ್ ಗಫ್ ಡನ್‌ಲಪ್ ಕಂಪನಿಯವರು, ಮತ್ತು ಅವರು ಅದನ್ನು ಕಟ್ಟಿದ್ದು ಟೈರುಗಳನ್ನು ಪರೀಕ್ಷಿಸಲು. ಡಿ. ಸ್ಟೀವರ್ಟ್ ಎಂಬುವರು 1965ರಲ್ಲಿ ಅಂಥದೇ ಏರ್ಪಾಡನ್ನು ಹಾರಾಟದ ತರಬೇತಿಗೆ ಸೂಚಿಸಿ ಪ್ರಬಂಧ ಬರೆದ ಮೇಲೆ ಹೆಸರು ಅವರದೇ ನಿಂತಿತು. ಟೈರಿನಿಂದ ಹೊರಟು ಆಕಾಶಕ್ಕೆ ಹೋದದ್ದು ಈಗ ಟೈಲ್ಸ್ ಅಂಗಡಿಯ ಮಹಡಿಗೆ ಮರಳಿದೆ.

ಎರಡನೆಯ ಭೇಟಿಯಲ್ಲಿ ಇದನ್ನೆಲ್ಲ ಕೇಂದ್ರ ನಡೆಸುವ ಯುವಕರ ಮುಂದಿಟ್ಟೆ. ಅವರು ಬೇಸರಿಸಿಕೊಳ್ಳಲಿಲ್ಲ, ಈ ವಿಮರ್ಶೆಯಲ್ಲಿ ಅವರಿಗೆ ಸಲ್ಲಬೇಕಾದ ಮೊದಲ ಮೆಚ್ಚುಗೆ ಅದು. ‘ಸರ್, ಕಮ್ಮಿ ಮಾಡಿದ್ರೆ ಕಸ್ಟಮರ್ ಮೋಷನ್ ಆನ್ ಇದೆಯಾ ಅಂತ ಕೇಳ್ತಾರೆ’ ಎಂದರು. ಅವರ ಕಷ್ಟವೂ ಸುಳ್ಳಲ್ಲ. ಆದರೂ ನನ್ನ ಅರ್ಧ ಗಂಟೆಯ ಮಟ್ಟಿಗೆ ಬ್ರೇಕಿನ ಬಾಗನ್ನು ಮೂರನೆಯ ಒಂದು ಪಾಲಿಗೆ ಇಳಿಸಿ, ತಿರುವಿನ ವಾಲುವಿಕೆಯನ್ನು ಅರ್ಧ ಮಾಡಿ, ಹೀಗೆ ಉಳಿದ ಚಲನೆಯಷ್ಟನ್ನೂ ಚಕ್ರದಡಿಯ ರಸ್ತೆಗೆ ಮೀಸಲಿಡಲು ಒಪ್ಪಿದರು. ಗೇಮು ಪ್ರತಿ ಕ್ಷಣವೂ ಕಾರಿನ ವೇಗೋತ್ಕರ್ಷ, ವಾಲು, ನಾಲ್ಕೂ ಚಕ್ರಗಳ ಸಸ್ಪೆನ್ಷನ್ ಎಷ್ಟು ಕುಗ್ಗಿತು ಎಂಬುದನ್ನೆಲ್ಲ ಅಂಕಿಗಳಾಗಿ ಹೊರಗೆ ಕಳಿಸುತ್ತಿರುತ್ತದೆ. ಅದರಲ್ಲಿ ಯಾವುದಕ್ಕೆ ಎಷ್ಟು ಪಾಲು ಎಂಬುದು ಹೊಂದಿಸುವವರ ಕೈಯಲ್ಲಿದೆ. 100 ಮಿಲಿಮೀಟರ್ ಎಂಬುದು ಬ್ರೇಕಿಗೆ ಏನೇನೂ ಸಾಲದು, ಆದರೆ ರಸ್ತೆಯ ಉಬ್ಬುತಗ್ಗಿಗೆ ಧಾರಾಳವಾಯಿತು. ಕಾರಿನ ಸಸ್ಪೆನ್ಷನ್ ಚಲಿಸುವುದೂ ಹೆಚ್ಚುಕಡಿಮೆ ಇದೇ ಅಳತೆಯಲ್ಲಿ. ಅಂದರೆ ಇಲ್ಲಿ ಯಂತ್ರ ಮೋಸ ಮಾಡಬೇಕಾಗಿಯೇ ಇಲ್ಲ, ಇದ್ದದ್ದನ್ನು ಇದ್ದಂತೆ ಕೊಟ್ಟರೆ ಸಾಕು.

ಜರ್ಮನಿಯ ನೂರ್‌ಬರ್ಗ್‌ರಿಂಗ್‌ನ ಉತ್ತರ ಸುತ್ತು ಎಂಬ ರೇಸ್ ಹಾದಿಯನ್ನು ಗೇಮಿನಲ್ಲಿ ಹಾಕಿಸಿಕೊಂಡೆ. 20.8 ಕಿಲೋಮೀಟರ್ ಉದ್ದದ ಈ ರಸ್ತೆಯನ್ನು ಲೇಸರ್‌ನಿಂದ ಅಳೆದು ಗೇಮಿನೊಳಗೆ ತಂದಿರುವುದರಿಂದ ಅದರ ಪ್ರತಿ ತೇಪೆಯೂ ಅಂಕಿಗಳಲ್ಲಿದೆ. ಅಲ್ಲಿ ಕರೂಸೆಲ್ ಎಂಬ ತಿರುವೊಂದಿದೆ: ಎಡಕ್ಕೆ ಸುತ್ತಿಕೊಳ್ಳುವ, ಕಾಂಕ್ರೀಟ್ ಚಪ್ಪಡಿಗಳನ್ನು ಓರೆಯಾಗಿ ಜೋಡಿಸಿದ, ಬಾಣಲೆಯ ಅಂಚಿನಂಥ ತಿರುವು. ಮೇಲಿನ ಡಾಂಬರಿನಿಂದ ಆ ಕಾಂಕ್ರೀಟಿಗೆ ಇಳಿಯುವಾಗ ಮೊದಲು ಎಡ ಮುಂದಿನ ಮೂಲೆ ತಟ್ಟನೆ ಕುಸಿಯಿತು, ಹಿಂದೆಯೇ ಎಡ ಹಿಂದಿನದು. ಆ ಎರಡರ ನಡುವಿನ ಅಂತರ ಕಾರಿನ ಉದ್ದವನ್ನೇ ಹೇಳುತ್ತಿತ್ತು. ಆಮೇಲೆ ಚಪ್ಪಡಿಯಿಂದ ಚಪ್ಪಡಿಗೆ ದಾಟಿದಾಗಲೆಲ್ಲ ಸೊಂಟದ ಕೆಳಗೆ ದಡ್, ದಡ್ ಎಂಬ ಸಣ್ಣ ಏಟು. ಅಂಗೈಗೆ ಸ್ಟೀರಿಂಗಿನಲ್ಲಿ ಬಂದ ಏಟೂ ಸೀಟಿಗೆ ಬಂದ ಏಟೂ ಒಂದೇ ಆಗಿ ಕೇಳಿಸಿತು. ‘ಕೇಳಿಸಿತು’ ಎಂದೇ ಬರೆಯುತ್ತೇನೆ, ಯಾಕೆಂದರೆ ಆ ಹೊತ್ತಿನಲ್ಲಿ ಸ್ಪರ್ಶಕ್ಕೂ ಸದ್ದಿಗೂ ನನ್ನಲ್ಲಿ ಭೇದ ಉಳಿದಿರಲಿಲ್ಲ. ತಿರುವು ಮುಗಿದು ಮೇಲಕ್ಕೆ ಹತ್ತುವಾಗ ಕೊನೆಯ ಅಂಚು ಬಲವಾಗಿ ಎತ್ತಿ ಹಾಕಿತು, ನನಗರಿವಿಲ್ಲದೆ ಹಲ್ಲು ಕಚ್ಚಿದ್ದೆ. ಹೊರಗಿನಿಂದ ನೋಡಿದವರಿಗೆ ಯಂತ್ರ ಅಂಗುಲದಷ್ಟೂ ಅಲುಗಿದಂತೆ ಕಾಣಲಿಲ್ಲವಂತೆ.

ಮೂರನೆಯ ಭೇಟಿಗೆ ದೊಡ್ಡಪ್ಪನನ್ನು ಕರೆದುಕೊಂಡು ಹೋದೆ. ಅವರು ಕೆಎಸ್‌ಆರ್‌ಟಿಸಿಯ ನಿವೃತ್ತ ಚಾಲಕರು. ಹಾಸನದಿಂದ ಶಿರಾಡಿ ಘಾಟಿ ಇಳಿದು ಮಂಗಳೂರಿಗೆ ಹೋಗಿಬರುವ ರೂಟಿನಲ್ಲಿ ವರ್ಷಗಟ್ಟಲೆ ಬಸ್ ಓಡಿಸಿದವರು. ಅವರಿಗೆ ರೇಸ್ ಕಾರು ಬೇಡವಾಗಿತ್ತು. ಯೂರೋ ಟ್ರಕ್ ಸಿಮ್ಯುಲೇಟರ್ 2 ಗೇಮಿಗೆ ಹವ್ಯಾಸಿಗಳು ಮಾಡಿದ, ನಮ್ಮ ಕಡೆಯ ರಸ್ತೆಯನ್ನು ಹೋಲುವ ನಕ್ಷೆಯೂ ಬಸ್ಸೂ ಕೇಂದ್ರದವರ ಹತ್ತಿರ ಇದ್ದವು. ಊರೊಂದರ ಹಂಪ್ ದಾಟುತ್ತಿದ್ದಂತೆ ದೊಡ್ಡಪ್ಪ ಬ್ರೇಕ್ ಒತ್ತಿ ನಿಲ್ಲಿಸಿಬಿಟ್ಟರು.

‘ಲೋ, ಹಂಪು ಹಿಂದಕ್ಕೆ ಹೋದ್ಮೇಲೆ ಕುಣಿತದಲ್ಲೋ ಇದು.’

‘ಹೌದಾ ದೊಡ್ಡಪ್ಪ? ನನಗೇನೂ ಗೊತ್ತಾಗಲಿಲ್ಲ.’

‘ನಿಂಗೆ ಹೆಂಗೆ ಗೊತ್ತಾಗ್ತದೆ. ಸೀಟು ಮೊದ್ಲು ಹೇಳ್ಬೇಕು ಕಣೋ, ಕಣ್ಣು ಆಮೇಲೆ. ಇಲ್ಲಿ ಕಣ್ಣು ಮುಗಿಸ್ಕಂಡು ಕೂತದೆ, ಸೀಟು ಈಗ ಬತ್ತಾ ಇದೆ.’

ನನ್ನ ಮೊಬೈಲಿನಲ್ಲಿ ಸೆಕೆಂಡಿಗೆ 240 ಫ್ರೇಮ್ ಹಿಡಿಯುವ ನಿಧಾನಗತಿಯ ಕ್ಯಾಮೆರಾ ಇತ್ತು. ಪರದೆಯೂ ಸೀಟಿನ ಅಂಚೂ ಒಂದೇ ಚೌಕಟ್ಟಿನಲ್ಲಿ ಬರುವಂತೆ ಹಿಡಿದು, ಅದೇ ಹಂಪನ್ನು ಮತ್ತೆ ದಾಟಲು ಹೇಳಿ, ಆಮೇಲೆ ಫ್ರೇಮುಗಳನ್ನು ಎಣಿಸಿದೆ. ಪರದೆಯಲ್ಲಿ ಬಸ್ಸಿನ ಮೂತಿ ಏಳತೊಡಗಿದ ಮೇಲೆ 29ನೆಯ ಫ್ರೇಮಿನಲ್ಲಿ ಸೀಟು ಏಳತೊಡಗಿತ್ತು, ಅಂದರೆ ಸುಮಾರು 120 ಮಿಲಿಸೆಕೆಂಡ್ ತಡ. ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಅಷ್ಟು ಹೊತ್ತಿಗೆ ಬಸ್ಸು ಒಂದು ಮೀಟರ್ ಮುಂದೆ ಹೋಗಿರುತ್ತದೆ. ದೊಡ್ಡಪ್ಪನ ಸೊಂಟ ಕ್ಯಾಮೆರಾದ ಸಹಾಯವಿಲ್ಲದೆ ಆ ಒಂದು ಮೀಟರನ್ನು ಅಳೆದಿತ್ತು. ಕಾರಣ ಹುಡುಕಿದಾಗ, ಚಲನೆ ಒರಟಾಗದಿರಲೆಂದು ಸಾಫ್ಟ್‌ವೇರಿನಲ್ಲಿ ಸ್ಮೂದಿಂಗ್ ಎಂಬ ಆಯ್ಕೆಯನ್ನು ತೀರಾ ಮೇಲಕ್ಕೆ ಏರಿಸಿಟ್ಟಿದ್ದು ತಿಳಿಯಿತು. ಅಂಕಿಗಳ ನಡುಗನ್ನು ಸವರಿ ನಯ ಮಾಡುವ ಆ ಫಿಲ್ಟರ್ ಹಿಂದಿನ ಕೆಲವು ಕ್ಷಣಗಳ ಸರಾಸರಿ ತೆಗೆಯುತ್ತದೆ, ನಯವಾಗಿಸಿದಷ್ಟೂ ತಡವಾಗುತ್ತದೆ. ಅದನ್ನು ಇಳಿಸಿ ಮತ್ತೆ ಎಣಿಸಿದರೆ 10 ಫ್ರೇಮ್, ಸುಮಾರು 42 ಮಿಲಿಸೆಕೆಂಡ್. ಚಲನೆ ಸ್ವಲ್ಪ ಒರಟಾಯಿತು. ‘ಈಗ ಬಸ್ಸಾಯ್ತು’ ಎಂದರು ದೊಡ್ಡಪ್ಪ. ನಮ್ಮ ಬಸ್ಸುಗಳು ನಯವಾಗಿದ್ದದ್ದು ಯಾವಾಗ?

ಸಿಮ್ಯುಲೇಟರ್‌ನಲ್ಲಿ ಹೊಸಬರಿಗಿಂತ ಅನುಭವಿಗಳಿಗೇ ಹೊಟ್ಟೆ ತೊಳಸುವುದು ಹೆಚ್ಚು ಎಂಬುದನ್ನು ಪೈಲಟ್‌ಗಳ ವಿಷಯದಲ್ಲಿ ಬಹಳ ಹಿಂದೆಯೇ ಗುರುತಿಸಲಾಗಿದೆ. ಮುಂದಿನ ಕ್ಷಣದಲ್ಲಿ ಮೈಗೆ ಏನಾಗಬೇಕೆಂದು ಅವರ ಮಿದುಳಿಗೆ ಮೊದಲೇ ಗೊತ್ತಿರುತ್ತದೆ, ಯಂತ್ರ ಅದನ್ನು ಕೊಡದೆಹೋದಾಗ ಜಗಳ ಶುರುವಾಗುತ್ತದೆ. ಘಾಟಿಯ ಬಸ್ಸಿನಲ್ಲಿ ಹಿಂದೆ ಕೂತವರು ನಿಂಬೆಹಣ್ಣು ಮೂಸುತ್ತಿರುವಾಗ ಚಾಲಕ ಮಾತ್ರ ಆರಾಮವಾಗಿರುವುದು, ತಿರುವು ಬರುವ ಮೊದಲೇ ಅವನ ಕೈಗೂ ಕುತ್ತಿಗೆಗೂ ಅದು ಗೊತ್ತಿರುವುದರಿಂದ. ಸಿಮ್ಯುಲೇಟರ್ ತಡಮಾಡಿದರೆ ಅದೇ ಚಾಲಕ ಪ್ರಯಾಣಿಕನಾಗಿಬಿಡುತ್ತಾನೆ. ಸರಿಪಡಿಸುವ ಮೊದಲು ಹತ್ತು ನಿಮಿಷಕ್ಕೇ ಕರವಸ್ತ್ರದಿಂದ ಮುಖ ಒರೆಸಿಕೊಳ್ಳುತ್ತಿದ್ದ ದೊಡ್ಡಪ್ಪ, ಆಮೇಲೆ ಅರ್ಧ ಗಂಟೆ ಪೂರ್ತಿ ಕೂತು, ಇಳಿದ ಮೇಲೆ ಕ್ಲಚ್ಚಿನ ಬಗ್ಗೆ ಮಾತ್ರ ದೂರಿದರು. ಕ್ಲಚ್ ಹಿಡಿಯುವ ಜಾಗದಲ್ಲಿ ನಿಜವಾದ ಬಸ್ಸಿನ ನೆಲ ನಡುಗುತ್ತದೆ, ಆ ನಡುಗೇ ಗುರುತು. ಇಲ್ಲಿ ಪೆಡಲ್ ಸ್ಪ್ರಿಂಗಿನಂತೆ ಬರೀ ಹೋಗಿಬರುತ್ತದೆ ಎಂಬುದು ಅವರ ಆಕ್ಷೇಪ. ನೂರಕ್ಕೆ ನೂರು ಸರಿ. ಪೆಡಲಿನ ಹಿಂದೆ ಸಣ್ಣ ಕಂಪನದ ಮೋಟಾರ್ ಕೂರಿಸುವುದಕ್ಕೆ ಇಡೀ ರಿಗ್‌ನ ವೆಚ್ಚದ ಮುಂದೆ ಲೆಕ್ಕಕ್ಕೇ ಬಾರದ ಹಣ ಸಾಕು.

ಎರಡನೆಯ ರಿಗ್‌ನ ವಿಷಯಕ್ಕೆ ಬರೋಣ. ಹಿಂಭಾಗವನ್ನು ಜಾರಿಸುವ ಮೋಟಾರಿನಿಂದ ನಾನು ಹೆಚ್ಚೇನೂ ನಿರೀಕ್ಷಿಸಿರಲಿಲ್ಲ. ಈ ಕೇಂದ್ರದಲ್ಲಿ ದುಡ್ಡಿಗೆ ತಕ್ಕ ಬೆಲೆಯುಳ್ಳದ್ದು ಯಾವುದೆಂದು ಕೇಳಿದರೆ ಈಗ ಅದನ್ನೇ ತೋರಿಸುತ್ತೇನೆ. ಹಿಂದಿನ ಚಕ್ರಗಳ ಬಲದಿಂದ ಓಡುವ ಕಾರು ತಿರುವಿನಲ್ಲಿ ಹಿಡಿತ ತಪ್ಪಿ ಬಾಲ ಹೊರಕ್ಕೆ ಬೀಸತೊಡಗುವುದನ್ನು ಕಣ್ಣು ಗುರುತಿಸುವಷ್ಟರಲ್ಲಿ ಕಾರು ಅರ್ಧ ತಿರುಗಿಬಿಟ್ಟಿರುತ್ತದೆ. ನಿಜವಾದ ಕಾರಿನಲ್ಲಿ ಅದನ್ನು ಮೊದಲು ಹೇಳುವುದು ಸೊಂಟ. ಇಲ್ಲಿ ಬೇಕಿರುವ ಚಲನೆ ಚಿಕ್ಕದು, ಕ್ಷಣಿಕವಾದದ್ದು, ನಾಳಗಳಿಂದ ಬಚ್ಚಿಡಬೇಕಾದ್ದೂ ಅಲ್ಲ. ಸಣ್ಣ ಯಂತ್ರ ಪ್ರಾಮಾಣಿಕವಾಗಿ ಕೊಡಬಲ್ಲ ಕೆಲವೇ ಸಂಗತಿಗಳಲ್ಲಿ ಇದೊಂದು. ಒದ್ದೆ ರಸ್ತೆಯಲ್ಲಿ ಆಕ್ಸಿಲರೇಟರ್ ಒಂದಿಷ್ಟು ಹೆಚ್ಚು ಒತ್ತಿದಾಗ ಸೀಟಿನ ಹಿಂಬದಿ ಬಲಕ್ಕೆ ಸರಿಯಿತು, ಯೋಚಿಸುವ ಮೊದಲೇ ಕೈ ಸ್ಟೀರಿಂಗನ್ನು ಬಲಕ್ಕೆ ತಿರುಗಿಸಿತ್ತು. ಚಲನೆಯನ್ನು ಆಫ್ ಮಾಡಿಟ್ಟು ಅದೇ ತಿರುವಿಗೆ ಐದು ಸಲ ಹೋದೆ, ನಾಲ್ಕು ಸಲ ಗಿರಗಿರನೆ ಸುತ್ತಿದೆ. ಹಾಕಿಕೊಂಡು ಐದು ಸಲ ಹೋದಾಗ ಸುತ್ತಿದ್ದು ಒಂದೇ ಸಲ. ಇಷ್ಟು ಕಡಿಮೆ ಸಲದ ಪ್ರಯೋಗದಿಂದ ಏನನ್ನೂ ಸಾಧಿಸಲಾಗದು, ಆದರೆ ನನ್ನ ಕೈಗೆ ಯಾವ ಸಂದೇಹವೂ ಉಳಿಯಲಿಲ್ಲ.

ಇದೇ ರಿಗ್‌ನಲ್ಲಿ ಸೀಟ್ ಬೆಲ್ಟನ್ನು ಎಳೆಯುವ ಮೋಟಾರುಗಳೂ ಇವೆ. ಬ್ರೇಕ್ ಒತ್ತಿದಷ್ಟೂ ಭುಜದ ಪಟ್ಟಿಗಳು ಬಿಗಿಯಾಗುತ್ತವೆ. ತರ್ಕಕ್ಕೆ ಇದು ಉಲ್ಟಾ ಎನಿಸೀತು, ಯಾಕೆಂದರೆ ನಿಜದಲ್ಲಿ ಮೈ ಬೆಲ್ಟಿನತ್ತ ಹೋಗುತ್ತದೆ, ಇಲ್ಲಿ ಬೆಲ್ಟು ಮೈಯತ್ತ ಬರುತ್ತದೆ. ಎದೆಯ ಚರ್ಮಕ್ಕೆ ಆ ವ್ಯತ್ಯಾಸ ತಿಳಿಯುವುದಿಲ್ಲ. ಅದಕ್ಕೆ ಗೊತ್ತಾಗುವುದು ಒತ್ತಡ ಮಾತ್ರ, ಮತ್ತು ಬ್ರೇಕ್ ಹಿಡಿದಿರುವಷ್ಟು ಹೊತ್ತೂ ಆ ಒತ್ತಡವನ್ನು ಉಳಿಸಿಕೊಳ್ಳಲು ಜಾಗವೇನೂ ಬೇಕಿಲ್ಲ. 5 ಡಿಗ್ರಿ ಬಾಗಿಸಿ ಕೊಡಲಾಗದ್ದನ್ನು ಎರಡು ಪಟ್ಟಿಗಳು ಕೊಟ್ಟವು. ಬ್ರೇಕ್ ಪೆಡಲ್ ಬಲವನ್ನು ಅಳೆಯುವಂಥದ್ದಾಗಿರುವುದರಿಂದ ಕಾಲಿನ ಸ್ನಾಯುವೂ ಎದೆಯ ಪಟ್ಟಿಯೂ ಒಟ್ಟಿಗೆ ಬಿಗಿಯುತ್ತವೆ, ಬಿಡುವಾಗ ಒಟ್ಟಿಗೆ ಸಡಿಲುತ್ತವೆ. ತಿರುವಿನೊಳಗೆ ಹೋಗುತ್ತ ಬ್ರೇಕನ್ನು ಹದವಾಗಿ ಬಿಡುವ ಕೌಶಲ ನನಗೆ ಮೊದಲ ಬಾರಿಗೆ ಅಳತೆಗೆ ಸಿಕ್ಕಂತಾಯಿತು.

ಒಪ್ಪಲಾಗದ ಸಂಗತಿಗಳೂ ಇವೆ. ಮುನ್ನೂರು ರೂಪಾಯಿ ಹೆಚ್ಚು ಕೊಟ್ಟರೆ ಪರದೆಯ ಬದಲು ಕಣ್ಣಿಗೆ ಕಟ್ಟಿಕೊಳ್ಳುವ ವಿಆರ್ ಹೆಡ್‌ಸೆಟ್ ಕೊಡುತ್ತಾರೆ. ಚಲಿಸುವ ಸೀಟಿನ ಮೇಲೆ ಹೆಡ್‌ಸೆಟ್ ಹಾಕಿದಾಗ, ಸೀಟು ಬಾಗಿದ್ದನ್ನು ಅದು ತಲೆ ಬಾಗಿದ್ದೆಂದು ತಿಳಿದು ನೋಟವನ್ನೂ ಬಾಗಿಸುತ್ತದೆ. ಆಗ ಕ್ಷಿತಿಜ ಮಟ್ಟವಾಗಿರಬೇಕೆಂಬ ಮೂಲ ಷರತ್ತೇ ಮುರಿಯುತ್ತದೆ, ಬ್ರೇಕ್ ಹಾಕಿದರೆ ಇಡೀ ಕಾರಿನ ಡ್ಯಾಶ್‌ಬೋರ್ಡ್ ತೇಲಿದಂತೆ ಕಾಣುತ್ತದೆ. ಸೀಟಿನ ಚಲನೆಯನ್ನು ತಲೆಯ ಚಲನೆಯಿಂದ ಕಳೆಯುವ ಸಾಫ್ಟ್‌ವೇರ್ ಇದೆ, ಅದನ್ನು ಇಲ್ಲಿ ಹಾಕಿಲ್ಲ. ಅದನ್ನು ಹಾಕುವವರೆಗೆ ಆ ಮುನ್ನೂರನ್ನು ಉಳಿಸಿಕೊಳ್ಳಿ. ಇನ್ನು ಪರದೆಗಳನ್ನು ರಿಗ್‌ಗೇ ಬಿಗಿದಿರುವುದರಿಂದ ಒರಟು ರಸ್ತೆಯಲ್ಲಿ ಪಕ್ಕದ ಪರದೆಗಳ ತುದಿ ಅದುರುತ್ತದೆ. ನೆಲದ ಮೇಲೆ ಬೇರೆಯಾಗಿ ನಿಲ್ಲಿಸಿದರೆ ಅದುರುವುದಿಲ್ಲ, ಆದರೆ ಆಗ ಸೀಟು ಎದ್ದಾಗ ಚಿತ್ರ ಕೆಳಗಿಳಿದಂತೆ ಕಾಣುತ್ತದೆ. ಚಲನೆಯನ್ನು ಕಡಿಮೆ ಇಟ್ಟುಕೊಂಡ ರಿಗ್‌ಗೆ ಎರಡನೆಯ ದಾರಿಯೇ ವಾಸಿ ಎಂದು ನನ್ನ ಅಭಿಪ್ರಾಯ.

ಮೂರನೆಯ ಭೇಟಿಯ ದಿನ ಒಮ್ಮೆ ಕರೆಂಟ್ ಹೋಯಿತು. ಕಂಪ್ಯೂಟರಿಗೆ ಯುಪಿಎಸ್ ಇತ್ತು, ಆಕ್ಚುಯೇಟರ್‌ಗಳಿಗೆ ಇರಲಿಲ್ಲ. ಎಡಕ್ಕೆ ವಾಲಿದ ಸ್ಥಿತಿಯಲ್ಲೇ ಯಂತ್ರ ನಿಂತುಬಿಟ್ಟಿತು, ದೊಡ್ಡಪ್ಪನ ಕೈಹಿಡಿದು ಇಳಿಸಬೇಕಾಯಿತು. ತುರ್ತಾಗಿ ನಿಲ್ಲಿಸುವ ಕೆಂಪು ಗುಂಡಿ ಸೀಟಿನ ಬಲಬದಿಗೆ, ಕೂತವರ ಕೈಗೆ ಸಿಗುವಂತೆಯೇ ಇದೆ, ಅದು ಒಳ್ಳೆಯದು. ಹತ್ತಿ ಇಳಿಯಲು ಒಂದು ಮೆಟ್ಟಿಲನ್ನಾದರೂ ಇಡಬೇಕು.

ಕಲಿಯುವವರಿಗೆ ಇದರಿಂದ ಪ್ರಯೋಜನವಿದೆಯೇ ಎಂದು ಕೆಲವರು ಕೇಳಿದ್ದಾರೆ. ಮಾನ್ಯತೆ ಪಡೆದ ಚಾಲಕ ತರಬೇತಿ ಕೇಂದ್ರಗಳಲ್ಲಿ ಸಿಮ್ಯುಲೇಟರ್ ಇರಲೇಬೇಕೆಂಬ ಕೇಂದ್ರ ಸರ್ಕಾರದ ನಿಯಮ 2021ರ ಜುಲೈ 1ರಿಂದ ಜಾರಿಯಲ್ಲಿದೆ. ಲಘು ವಾಹನದ ಕೋರ್ಸು ನಾಲ್ಕು ವಾರಗಳೊಳಗೆ 29 ಗಂಟೆಯದು. ಆ ಬಗೆಯ ತರಬೇತಿಯ ಉದ್ದೇಶ ಬೇರೆ, ಈ ಮಹಡಿಯ ಕೇಂದ್ರದ ಉದ್ದೇಶ ಬೇರೆ. ಆದರೂ ಮೂರೂ ಭೇಟಿಯಿಂದ ನನಗೆ ತೋರಿದ್ದನ್ನು ಹೇಳುವುದಾದರೆ, ಹೊಸಬರಿಗೆ ತಡವಾಗಿ ಬರುವ ಚಲನೆಗಿಂತ ಚಲನೆಯೇ ಇಲ್ಲದ ಸೀಟು ಲೇಸು. ಸರಿಯಾದ ಕ್ಷಣದಲ್ಲಿ ಬರುವುದಾದರೆ ಕ್ಲಚ್ಚಿನ ನಡುಗೂ ರಸ್ತೆಯ ಏಟೂ ಸಾಕು, ಕುಣಿತ ಬೇಡ.

ಹೋಗುವವರು ಬೆಳಗಿನ ಹೊತ್ತು ಎರಡನೆಯ ರಿಗ್ ಅನ್ನೇ ಕೇಳಿ ಕಾಯ್ದಿರಿಸಿ. ಊಟ ಮಾಡಿ ಒಂದೂವರೆ ಗಂಟೆಯಾದರೂ ಆಗಿರಲಿ, ತೆಳು ಅಟ್ಟೆಯ ಶೂ ಹಾಕಿಕೊಳ್ಳಿ, ಮೊದಲ ಐದು ನಿಮಿಷ ನಿಧಾನವಾಗಿ ಓಡಿಸಿ. ಚಲನೆಯ ಹೊಂದಾಣಿಕೆಗಳ ಪಟ್ಟಿಯಲ್ಲಿ ಈಗ ಎರಡಿವೆ: ಒಂದರ ಹೆಸರು ‘ಶೋ’, ಬಂದವರಿಗೆಲ್ಲ ಮೊದಲು ಹಾಕಿಕೊಡುವುದು ಅದನ್ನೇ. ಇನ್ನೊಂದನ್ನು ನೀವು ಬಾಯಿಬಿಟ್ಟು ಕೇಳಬೇಕು. ಅದಕ್ಕೆ ಕೇಂದ್ರದ ಹುಡುಗರು ‘ಹಾಸನ ಡಿಪೋ’ ಎಂದು ಹೆಸರಿಟ್ಟಿದ್ದಾರೆ.